ತಾರೀಖಿಲ್ಲದ ಪ್ರಶ್ನೆ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ 'ಮಡಿಲು' ಶುರುವಾದಾಗ ಅದರೊಳಗೆ ಮಾತಾಡುವವರು ಯಾರೂ ಇರಲಿಲ್ಲ. ಬಸುರಿಯರು, ಬಾಣಂತಿಯರು ತಮ್ಮ ಸಂಶಯಗಳನ್ನು ಒಬ್ಬರಿಗೊಬ್ಬರು ಕೇಳಿಕೊಳ್ಳಲಿ ಎಂದು ಕಟ್ಟಿದ ಆನ್‌ಲೈನ್ ತಾಣ ಅದು. ಮೊದಲ ವಾರ ನಾನೂರು ಮಂದಿ ಬಂದು ಇಣುಕಿದರು. ಒಂದು ಸಾಲನ್ನೂ ಬರೆಯದೆ ಹೊರಟುಹೋದರು. ಯಾರೂ ಇಲ್ಲದ ಮನೆಯಲ್ಲಿ ಮೊದಲ ಮಾತು ಆಡುವುದಕ್ಕೆ ಎಂಥವರಿಗೂ ಸಂಕೋಚವೇ.

ತಾಣವನ್ನು ಕಟ್ಟಿದ ಪ್ರಹ್ಲಾದ ಕಟ್ಟಿಯವರು ಹಿಂದೆ ಧಾರವಾಡದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದವರು. ಅವರು ಈ ಸಂಕೋಚಕ್ಕೆ ಒಂದು ಉಪಾಯ ಕಂಡುಹಿಡಿದರು. ಹನ್ನೆರಡು ವರ್ಷ ನಡೆದು ಹಿಂದಿನ ವರ್ಷವಷ್ಟೇ ಬಾಗಿಲು ಹಾಕಿದ್ದ 'ತಾಯಿಮಾತು' ಎಂಬ ಹಳೆಯ ತಾಣದ ಅಷ್ಟೂ ಬರಹ ಅವರ ಕೈಗೆ ಬಂದಿತ್ತು. ಹನ್ನೊಂದು ಲಕ್ಷ ಪ್ರಶ್ನೆಗಳು, ಉತ್ತರಗಳು, ಅಳಲುಗಳು. ಬರೆದವರನ್ನು ಯಾರೂ ಕೇಳಲಿಲ್ಲ. ತಾಣಕ್ಕೆ ಸೇರುವಾಗ 'ಒಪ್ಪಿಗೆ' ಎಂದು ಅವರು ಒತ್ತಿದ್ದ ಗುಂಡಿಯಲ್ಲೇ ಈ ಹಕ್ಕೂ ಅಡಗಿತ್ತು.

ಆ ರಾಶಿಯ ಮೇಲೆ ಕಟ್ಟಿಯವರು ಒಂದು ತಂತ್ರಾಂಶ ಕೂರಿಸಿ ಅದಕ್ಕೆ 'ಹೆಪ್ಪು' ಎಂದು ಹೆಸರಿಟ್ಟರು. ಹೆಪ್ಪು ಹಳೆಯ ಬರಹವೊಂದನ್ನು ಆರಿಸುತ್ತಿತ್ತು. ಅದರ ಊರು, ತಾರೀಖು, ನಿಜ ಹೆಸರು ತೆಗೆದು ಒಂದು ಹೂವಿನ ಹೆಸರು ಅಂಟಿಸುತ್ತಿತ್ತು. ಪಂಚಮಿ ಹತ್ತಿರ ಬಂದಾಗ ಪಂಚಮಿಯ ಮಾತಿದ್ದ ಬರಹ, ಬಿಸಿಲು ಏರಿದಾಗ ಬಿಸಿಲಿನ ಬರಹ ಹುಡುಕಿ ಈಗತಾನೇ ಯಾರೋ ಬರೆದಂತೆ ಮಡಿಲಿಗೆ ಹಾಕುತ್ತಿತ್ತು. ಅದಕ್ಕೆ ಯಾರಾದರೂ ಉತ್ತರ ಕೊಟ್ಟರೆ, ಆ ಹಳೆಯ ಲೇಖಕಿ ಎಂದೋ ಬರೆದಿದ್ದ ಸಾಲುಗಳಲ್ಲೇ ಹೊಂದುವ ಒಂದನ್ನು ತೆಗೆದು ಮರುಮಾತಾಗಿ ಕೊಡುತ್ತಿತ್ತು.

"ಹೆಪ್ಪು ತಾನಾಗಿ ಒಂದು ಶಬ್ದನೂ ಹುಟ್ಟಸೂದಿಲ್ಲ" ಎಂದು ಕಟ್ಟಿಯವರು ಹೆಮ್ಮೆಯಿಂದ ಹೇಳುತ್ತಿದ್ದರು. "ಅಲ್ಲಿರೋದೆಲ್ಲಾ ಜೀವಂತ ಹೆಣ್ಣುಮಕ್ಕಳು ಆಡಿದ ಮಾತು. ಸುಳ್ಳು ಎಲ್ಲದ ಅದರಾಗ?"

ಉಪಾಯ ಫಲಿಸಿತು. ಎರಡೇ ತಿಂಗಳಲ್ಲಿ ನಲವತ್ತು ಸಾವಿರ ಮಂದಿ ಸೇರಿದರು. ನಿಜವಾದ ಪ್ರಶ್ನೆಗಳು ಬರತೊಡಗಿದವು. ಆದರೂ ಹತ್ತರಲ್ಲಿ ಆರು ಬರಹ ಇನ್ನೂ ಹೆಪ್ಪಿನವೇ. ಯಾವುದು ಹಳೆಯದು, ಯಾವುದು ಇಂದಿನದು ಎಂದು ತಿಳಿಯುತ್ತಿದ್ದದ್ದು ಕಚೇರಿಯ ಪರದೆಗಳಲ್ಲಿ ಮಾತ್ರ. ಅಲ್ಲಿ ಹಳೆಯ ಬರಹದ ಪಕ್ಕ ಸಾಸಿವೆಯಷ್ಟು ನೀಲಿ ಚುಕ್ಕೆ ಇರುತ್ತಿತ್ತು.

ಆ ಪರದೆಯ ಮುಂದೆ ಕೂರುತ್ತಿದ್ದವಳು ದಾಕ್ಷಾಯಣಿ ಕಮ್ಮಾರ. ಮೂವತ್ನಾಲ್ಕು ವರ್ಷದವಳು. ಹಿಂದೆ ಒಂದು ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದಳು. ಪತ್ರಿಕೆ ನಿಂತ ಮೇಲೆ ಇಲ್ಲಿ ಸೇರಿದ್ದಳು. ಬರಹಗಳನ್ನು ಓದುವುದು, ಬೈಗುಳ ಇದ್ದರೆ ತೆಗೆಯುವುದು, ತಪ್ಪು ಔಷಧಿಯ ಹೆಸರು ಹೇಳಿದ್ದರೆ ಎಚ್ಚರಿಕೆ ಹಾಕುವುದು ಅವಳ ಕೆಲಸ. ಜೀವಕ್ಕೆ ಅಪಾಯ ಅನ್ನಿಸುವ ಬರಹ ಬಂದರೆ ಪರದೆಯ ಮೇಲ್ಗಡೆ ಕೆಂಪು ಸಾಲಿನಲ್ಲಿ ಕಾಣಿಸಿಕೊಳ್ಳುತ್ತಿತ್ತು. ಅದನ್ನು ಮೊದಲು ನೋಡಬೇಕು.

ಕೆಲಸಕ್ಕೆ ಸೇರುವಾಗಲೇ ಅವಳಿಂದ ಒಂದು ಕಾಗದಕ್ಕೆ ಸಹಿ ಮಾಡಿಸಿಕೊಂಡಿದ್ದರು. ನೀಲಿ ಚುಕ್ಕೆಯ ಮಾತನ್ನು ಹೊರಗೆ ಆಡುವ ಹಾಗಿಲ್ಲ.

ಹಳೇ ಹುಬ್ಬಳ್ಳಿಯಲ್ಲಿ ಅವಳು ಅಣ್ಣನ ಮನೆಯಲ್ಲಿ ಇರುತ್ತಿದ್ದಳು. ಅಣ್ಣನ ಹೆಂಡತಿ ಪುಷ್ಪಾ ವೈನಿಗೆ ನಾಲ್ಕು ತಿಂಗಳ ಹೆಣ್ಣುಕೂಸು. ಅದು ಸಂಜೆಯಾದರೆ ಸಾಕು, ಹೊಟ್ಟೆ ಗಟ್ಟಿ ಮಾಡಿಕೊಂಡು ಎರಡು ತಾಸು ಅಳುತ್ತಿತ್ತು. ವೈನಿ ಅದನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಗೆ ತಿರುಗುತ್ತ ಇನ್ನೊಂದು ಕೈಯಲ್ಲಿ ಮಡಿಲು ತೆರೆದಿರುತ್ತಿದ್ದಳು.

"ದಾಕ್ಷಿ, ಇಲ್ಲೊಬ್ಬಾಕಿ ಅದಾಳ ನೋಡು, 'ಸಂಪಿಗೆ' ಅಂತ ಹೆಸರು. ಅಕಿ ಮಗಾನೂ ಹಿಂಗ ಅಳತಾನಂತ. ಅಜವಾನದ ನೀರಿನ ಬಟ್ಟಿ ಬೆಚ್ಚಗ ಮಾಡಿ ಹೊಟ್ಟಿ ಮ್ಯಾಲ ಇಡು ಅಂದ್ಲು. ನಿನ್ನೆ ಇಟ್ಟೆ, ಒಂದರ್ಧ ತಾಸು ಸುಮ್ಮನಾತು."

ದಾಕ್ಷಾಯಣಿಗೆ ಸಂಪಿಗೆ ಗೊತ್ತಿತ್ತು. ನೀಲಿ ಚುಕ್ಕೆ. ಅವಳ ಮಗ ಅತ್ತದ್ದು ಹನ್ನೊಂದು ವರ್ಷದ ಹಿಂದೆ. ಈಗ ಅವನು ಆರನೆಯ ತರಗತಿ ಓದುತ್ತಿರಬೇಕು.

"ಇವತ್ತು ನಿನ್ನ ಮಗಾ ಹೆಂಗದಾನ ಅಂತ ಕೇಳೀನಿ" ಎಂದಳು ವೈನಿ. ಒಂದು ನಿಮಿಷಕ್ಕೆ ಫೋನು ಸದ್ದು ಮಾಡಿತು. ವೈನಿ ಓದಿದಳು: "'ಇವತ್ತು ಸ್ವಲ್ಪ ಕಡಿಮೆ. ನಾನೂ ಒಂದು ತಾಸು ಮಲಗಿದೆ. ನಮಗೂ ದಿನ ಬರತಾವ.' ನೋಡು, ಎಷ್ಟು ಚಂದ ಬರೀತಾಳ. ಅಕಿ ಊರು ಯಾವುದು ಗೊತ್ತಿದ್ರ ಹೋಗಿ ಮಾತಾಡಿಸಿ ಬರತಿದ್ದೆ."

ದಾಕ್ಷಾಯಣಿ ಕೂಸನ್ನು ಇಸಿದುಕೊಂಡು ಹೊರಗಿನ ಕಟ್ಟೆಗೆ ಹೋದಳು. ವೈನಿಯ ಮುಖ ನೋಡಿಕೊಂಡು ಅಲ್ಲಿ ನಿಲ್ಲುವುದು ಅವಳಿಂದ ಆಗಲಿಲ್ಲ.

ಅದಾಗಿ ಮೂರನೆಯ ವಾರ, ಒಂದು ಮಂಗಳವಾರ ಬೆಳಿಗ್ಗೆ, ಮಡಿಲಿನಲ್ಲಿ ಒಂದು ಪ್ರಶ್ನೆ ಕಾಣಿಸಿತು.

"ನನಗೆ ಎಂಟನೇ ತಿಂಗಳು ನಡೆದಿದೆ. ಎರಡು ದಿನದಿಂದ ತಲೆ ಸಿಡಿಯುತ್ತಿದೆ. ಕಣ್ಣ ಮುಂದೆ ಮಿಣುಕು ಹುಳ ಹಾರಿದ ಹಾಗೆ ಆಗುತ್ತದೆ. ಬಳೆ ಏರುತ್ತಿಲ್ಲ, ಕೈ ಬಾತಿದೆ. ಮನೆಯಲ್ಲಿ ಎಲ್ಲರೂ ಇದು ಸಹಜ ಅನ್ನುತ್ತಾರೆ. ಹೌದಾ ಅಕ್ಕಂದಿರೇ?"

ಮಧ್ಯಾಹ್ನದೊಳಗೆ ಮುನ್ನೂರು ಉತ್ತರ ಬಂದವು. ಸಹಜ ಅಲ್ಲ, ಈಗಲೇ ಹೊರಡಿ. ರಕ್ತದೊತ್ತಡ ನೋಡಿಸಿ. ನಿಮ್ಮ ಗಂಡನ ನಂಬರು ಕೊಡಿ, ನಾನು ಮಾತಾಡುತ್ತೇನೆ. ಯಾವ ಊರು ಹೇಳಿ, ನಮ್ಮ ತಮ್ಮನ ಗಾಡಿ ಇದೆ. ಒಬ್ಬಳಂತೂ ಹತ್ತು ನಿಮಿಷಕ್ಕೊಮ್ಮೆ "ಹೋದಿರಾ? ಹೋದಿರಾ?" ಎಂದು ಬರೆಯುತ್ತಲೇ ಇದ್ದಳು.

ಆ ಪ್ರಶ್ನೆಯ ಪಕ್ಕದಲ್ಲಿ ನೀಲಿ ಚುಕ್ಕೆ ಇತ್ತು. ಆಕೆ ಮತ್ತೆ ಬರೆಯಲಿಲ್ಲ. ಮರುಮಾತಾಗಿ ಕೊಡಲು ಹೆಪ್ಪಿಗೆ ಹೊಂದುವ ಸಾಲು ಸಿಕ್ಕಿರಲಿಲ್ಲ.

ಮರುದಿನ ಕಚೇರಿಗೆ ಫೋನು ಬಂತು. ದಾಕ್ಷಾಯಣಿ ಎತ್ತಿದಳು.

"ನಾ ಇಂದುಮತಿ ಪತ್ತಾರ, ನವಲಗುಂದದಿಂದ. ಮೂವತ್ತೊಂದು ವರ್ಷ ಹೆರಿಗಿ ವಾರ್ಡಿನಾಗ ನರ್ಸ್ ಆಗಿದ್ದೆ, ಈಗ ನಿವೃತ್ತಿ ಆಗೈತಿ. ನಿಮ್ಮಲ್ಲಿ ನಿನ್ನೆ ಒಬ್ಬಾಕಿ ಬರದಿದ್ಲಲ್ಲ, ಕಣ್ಣ ಮುಂದ ಮಿಣುಕು ಹುಳ ಅಂತ. ಅಕಿ ಏನಾದ್ಲು?"

"ನಮಗೂ ಗೊತ್ತಿಲ್ರಿ, ಅಮ್ಮಾ."

"ಗೊತ್ತಿಲ್ಲಾ ಅಂದ್ರ ಹೆಂಗವ್ವಾ? ನಿನ್ನೆಯಿಂದ ನನಗ ಅನ್ನ ಸೇರವಲ್ದು. ಅಂಥಾಕಿ ಒಂದು ಫಿಟ್ಸ್ ಬಂದ್ರ ತಾಯೀನೂ ಇಲ್ಲ, ಕೂಸೂ ಇಲ್ಲ. ಸುತ್ತಮುತ್ತ ನಾಕು ತಾಲೂಕಿನ ಆಶಾ ಕಾರ್ಯಕರ್ತೆಯರಿಗೆಲ್ಲಾ ಫೋನ್ ಹಚ್ಚಿ ಮನಿಮನಿ ಹುಡಕ್ರಿ ಅಂದೀನಿ. ಅಕಿ ನಂಬರ್ ನಿಮ್ಮ ಕಡೆ ಇರಬೇಕಲ್ಲ, ಕೊಡು."

ನಾಲ್ಕು ತಾಲೂಕಿನ ಹೆಂಗಸರು ಬಿಸಿಲಲ್ಲಿ ಮನೆ ಮನೆ ತಿರುಗುತ್ತಿದ್ದಾರೆ, ಇಲ್ಲದವಳನ್ನು ಹುಡುಕಿಕೊಂಡು. ದಾಕ್ಷಾಯಣಿ "ವಿಚಾರಿಸಿ ಹೇಳತೀನ್ರಿ" ಎಂದು ಇಂದುಮತಿಯವರ ನಂಬರು ಬರೆದುಕೊಂಡಳು.

ಆ ಮಧ್ಯಾಹ್ನ ಅವಳು ಹಳೆಯ ರಾಶಿಯೊಳಗೆ ಇಳಿದು ಆ ಪ್ರಶ್ನೆಯ ಮೂಲವನ್ನು ತೆಗೆದಳು. ಒಂಬತ್ತು ವರ್ಷದ ಹಿಂದಿನದು. ಲೇಖಕಿ ಅದೇ ದಿನ ಸೇರಿದ್ದಳು, ಒಂದೇ ಪ್ರಶ್ನೆ ಬರೆದಿದ್ದಳು. ಅದಕ್ಕೆ ಬಂದಿದ್ದು ಒಂದೇ ಉತ್ತರ: 'ಎಳನೀರು ಕುಡಿಯಿರಿ, ಸರಿಹೋಗುತ್ತದೆ.' ಅದಕ್ಕೆ 'ಎಳನೀರು ಕುಡಿದೆ ಅಕ್ಕಾ' ಎಂದಿದ್ದಳು. ಆಮೇಲೆ ತಾಣ ಮುಚ್ಚುವವರೆಗೂ ಆ ಖಾತೆಯನ್ನು ಯಾರೂ ತೆರೆದಿರಲಿಲ್ಲ.

ಅವಳು ಎದ್ದು ಕಟ್ಟಿಯವರ ಕೋಣೆಗೆ ಹೋದಳು.

ಅವರು ಸಮಾಧಾನದಿಂದ ಎಲ್ಲ ಕೇಳಿದರು. ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಪಾಪ" ಎಂದರು. ಆ ಮಾತು ಬಾಯಿಂದಷ್ಟೇ ಬಂದದ್ದಲ್ಲ.

"ಸರ್, ಇಂಥಾವನ್ನ ಮತ್ತ ಹಾಕಬಾರದು. ಹಾಕಿದ್ರೂ ತಾರೀಖು ಹಾಕಬೇಕು. ಇದು ಒಂಬತ್ತು ವರ್ಷದ ಹಿಂದಿಂದು ಅಂತ ಮಂದಿಗೆ ಗೊತ್ತಿರಲಿ."

"ತಾರೀಖು ಹಾಕಿ ನೋಡೇನಿ, ದಾಕ್ಷಾಯಣಿ. ಮೊದಲನೇ ತಿಂಗಳು ನೂರು ಬರಹಕ್ಕ ಹಾಕಿದ್ದೆ. ನೂರು ಮಂದಿ ಓದಿದ್ರ ನಾಕು ಮಂದಿ ಮಾತಾಡಿದ್ರು. ತಾರೀಖು ತಗದ ಮ್ಯಾಲೆ ಐವತ್ತು ಮಂದಿ. ನಿನ್ನೆ ಪತ್ರಿಕೆ ಯಾರು ಓದತಾರ? ನೀ ಪತ್ರಿಕೆಯಾಗ ಇದ್ದಾಕಿ, ನಿನಗ ಗೊತ್ತದ."

"ಅವರು ಅಕಿ ಅದಾಳ ಅಂತ ತಿಳಕೊಂಡು ಒದ್ದಾಡಲಿಕ್ಕೆ ಹತ್ಯಾರ, ಸರ್."

"ಒದ್ದಾಡಿದ್ದಕ್ಕೇ ಕಲಿತಾರ. ನಿನ್ನೆಯಿಂದ ಹದಿನಾರು ಸಾವಿರ ಹೆಣ್ಣುಮಕ್ಕಳು ಅದನ್ನ ಓದ್ಯಾರ. ಬಸುರಾಗಿದ್ದಾಗ ಕೈ ಬಾತು, ಕಣ್ಣು ಮಿಣುಕಿದ್ರ ಓಡಬೇಕು ಅಂತ ಹದಿನಾರು ಸಾವಿರ ಮನಿಯೊಳಗ ಗೊತ್ತಾತು. ಸರ್ಕಾರದ ಗ್ವಾಡಿ ಬರಹ ಇಪ್ಪತ್ತು ವರ್ಷದಾಗ ಇಷ್ಟು ಕಲಿಸಿಲ್ಲ. ಇವತ್ತ ಮುಂಜಾನೆ ಇಬ್ಬರು ಬರದಾರ, ಅದನ್ನ ಓದಿ ದವಾಖಾನಿಗೆ ಹೋದ್ವಿ, ಬಿ.ಪಿ. ಜಾಸ್ತಿ ಇತ್ತು, ಅಡ್ಮಿಟ್ ಮಾಡಿಕೊಂಡ್ರು ಅಂತ. ಅವರಿಬ್ಬರೂ ನೀಲಿ ಚುಕ್ಕಿ ಅಲ್ಲ. ಅದನ್ನೂ ನೋಡು."

ದಾಕ್ಷಾಯಣಿ ನೋಡಿದ್ದಳು. ಅದು ನಿಜವೇ ಆಗಿತ್ತು.

ಕಟ್ಟಿಯವರು ಒಂದು ಬದಲಾವಣೆಗೆ ಒಪ್ಪಿದರು. ಇನ್ನು ಮುಂದೆ ಹೆಪ್ಪು ಇಂಥ ಅಪಾಯದ ಬರಹ ಹಾಕುವುದಿಲ್ಲ. ಹಾಗೆಯೇ, ಈ ಪ್ರಶ್ನೆಯನ್ನೇ ಹೋಲುವ ನಕಲುಗಳು ಬಂದರೆ ಅವು ಕೆಂಪು ಸಾಲಿಗೆ ಏರದಂತೆ ತಡೆ ಹಾಕಿದರು. ಎರಡು ದಿನದಿಂದ ಮಂದಿ ಆ ಪ್ರಶ್ನೆಯನ್ನು ಎತ್ತಿ ಎತ್ತಿ ಮತ್ತೆ ಹಾಕುತ್ತಿದ್ದರು, ಕೆಂಪು ಸಾಲು ಅದರಿಂದಲೇ ತುಂಬಿಹೋಗಿತ್ತು. ದಾಕ್ಷಾಯಣಿಗೂ ಆಗ ಅದು ಸರಿ ಎನ್ನಿಸಿತು.

ಅವಳು ಇಂದುಮತಿಯವರಿಗೆ ಫೋನು ಮಾಡಿದಳು. ಸಹಿ ಮಾಡಿದ ಕಾಗದವನ್ನು ಮರೆತು ನಿಜ ಹೇಳಿದಳು.

"ಹಂಗಾದ್ರ ನಾ ಮಾತಾಡಿದ್ದು ಯಾರ ಜೋಡಿ?" ಎಂದರು ಇಂದುಮತಿ. ಅದೇ ದಿನ ಅವರು ಮಡಿಲು ಬಿಟ್ಟರು.

ಒಮ್ಮೆ ಬಾಯಿ ಬಿಟ್ಟ ಮೇಲೆ ಮನೆಯಲ್ಲಿ ಮುಚ್ಚಿಡುವುದು ಅವಳಿಗೆ ಇನ್ನೂ ಕಷ್ಟವಾಯಿತು. ಭಾನುವಾರ ವೈನಿ ಕೂಸಿಗೆ ಎಣ್ಣೆ ಹಚ್ಚುತ್ತ, ಸಂಪಿಗೆಯ ಮಗನಿಗೆ ಕುಲಾವಿ ಹೆಣೆದು ಕಳಿಸಬೇಕು, ವಿಳಾಸ ಕೇಳುತ್ತೇನೆ ಎಂದಾಗ ದಾಕ್ಷಾಯಣಿ ತಡೆಯಲಾರದೆ ಹೇಳಿಬಿಟ್ಟಳು.

ವೈನಿ ಎಣ್ಣೆಯ ಕೈ ಹಾಗೇ ಹಿಡಿದು ಕುಳಿತಳು.

"ಅಕಿ ನನಗ ಹೇಳಿದ್ದಲ್ಲೇನು ಹಂಗಾದ್ರ? 'ನಮಗೂ ದಿನ ಬರತಾವ' ಅಂದಿದ್ದು?"

"ಅಕಿ ಹೇಳಿದ್ದು ಖರೇ ವೈನಿ. ಯಾರಿಗೋ ಹೇಳಿದ್ಲು."

"ನೀ ದಿನಾ ನೋಡಿದಿ. ನಾ ಹುಚ್ಚಿ ಹಂಗ ಆ ಫೋನಿನ ಕೂಡ ಮಾತಾಡೂದನ್ನ ದಿನಾ ನೋಡಿದಿ." ವೈನಿಯ ಕಣ್ಣು ತುಂಬಿದವು. ಕೂಸನ್ನು ಎತ್ತಿಕೊಂಡು ಒಳಗೆ ಹೋದಳು.

ಎರಡು ದಿನ ಅವಳು ದಾಕ್ಷಾಯಣಿಯೊಡನೆ ಮಾತಾಡಲಿಲ್ಲ. ಆದರೆ ಉಳಿದವರೊಡನೆ ಆಡಿದಳು. ತವರಿನ ಅಕ್ಕತಂಗಿಯರಿಗೆ, ಓಣಿಯ ಬಾಣಂತಿಯರಿಗೆ, ಮಡಿಲಿನಲ್ಲೇ ಪರಿಚಯವಾದ ಹತ್ತಾರು ಮಂದಿಗೆ. ವಾರದೊಳಗೆ ಸುದ್ದಿ ಎಲ್ಲೆಡೆ ಹಬ್ಬಿತು. ಕಟ್ಟಿಯವರು "ಹಿಂದಿನವರ ಅನುಭವವನ್ನೂ ನಾವು ಹಂಚಿಕೊಳ್ಳುತ್ತೇವೆ" ಎಂದು ಒಂದು ಸಾಲಿನ ಪ್ರಕಟಣೆ ಹಾಕಿದರು. ಯಾವುದು ಹಿಂದಿನದು ಎಂದು ಮಾತ್ರ ತೋರಿಸಲಿಲ್ಲ. ಜನ ಹೊರಟುಹೋಗಲಿಲ್ಲ. ಬದಲಿಗೆ ಒಂದು ಆಟ ಶುರುವಾಯಿತು. ಯಾರಾದರೂ ದುಃಖ ತೋಡಿಕೊಂಡರೆ ಕೆಳಗೆ ಯಾರೋ ಬರೆಯುತ್ತಿದ್ದರು: "ಇದು ಯಾವ ಕಾಲದ್ದು?" "ಈ ಕೂಸಿಗೆ ಈಗ ಮೀಸೆ ಬಂದಿರಬೇಕು." ನಗುವ ಮುಖದ ಚಿತ್ರಗಳು. ನಿಜವಾಗಿ ಬರೆದವರು ನೊಂದುಕೊಂಡು ಸುಮ್ಮನಾದರು.

ಶ್ರಾವಣದ ಎರಡನೆಯ ಗುರುವಾರ. ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ದಾಕ್ಷಾಯಣಿ ಬೈಗುಳ ಹುಡುಕುತ್ತ ಬರಹಗಳನ್ನು ಒಂದೊಂದಾಗಿ ಸರಿಸುತ್ತಿದ್ದಳು. ಒಂದು ಕಡೆ ಉತ್ತರಗಳೇ ಮೊದಲು ಕಣ್ಣಿಗೆ ಬಿದ್ದವು.

"ಮತ್ತ ಬಂದ್ಲು ಮಿಣುಕು ಹುಳ!"

"ಇದು ಹಳೇದು, ಯಾರೂ ಗಾಬರಿ ಆಗಬ್ಯಾಡ್ರಿ."

"ಎಷ್ಟು ಸಲ ಬಸುರಾಗತಾಳ ಇಕಿ?"

ಮೇಲಿನ ಪ್ರಶ್ನೆ ಓದಿದಳು. "ನನಗ ಎಂಟನೇ ತಿಂಗಳು. ತಲಿ ಭಾಳ ನೋಯಾಕತ್ತೈತಿ. ಕಣ್ಣ ಮುಂದ ಮಿಣುಕು ಹುಳ ಹಾರಿದಂಗ ಆಗಾಕತ್ತೈತಿ, ಆ ಅಕ್ಕ ಬರದಿದ್ರಲ್ಲ ಹಂಗ. ಮುಖಾನೂ ಬಾತೈತಿ. ಅತ್ತಿ, ಇದು ಎಲ್ಲಾರಿಗೂ ಆಗತೈತಿ, ನಾ ಐದು ಹಡದೀನಿ ಅಂತಾರ. ಹೋಗಬೇಕೇನ್ರಿ? ಯಾರರೆ ಹೇಳ್ರಿ."

ದಾಕ್ಷಾಯಣಿ ಚುಕ್ಕೆ ಹುಡುಕಿದಳು. ಇರಲಿಲ್ಲ. ಪರದೆಯ ದೋಷವೇನೋ ಎಂದು ಮತ್ತೊಮ್ಮೆ ತೆರೆದಳು. ಇರಲಿಲ್ಲ. ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಬರೆದದ್ದು. ಹಳೆಯ ಪ್ರಶ್ನೆಯನ್ನು ಹೋಲುತ್ತದೆ ಎಂದು ಕೆಂಪು ಸಾಲಿಗೆ ಏರಿರಲಿಲ್ಲ. ಇನ್ನೂರ ಹನ್ನೆರಡು ಮಂದಿ ಓದಿದ್ದರು. ನಾಲ್ಕೂವರೆ ತಾಸು ಕಳೆದುಹೋಗಿತ್ತು.

"ಸರ್! ಇಕಿ ನಮ್ಮಾಕಿ ಅಲ್ಲ! ಚುಕ್ಕಿ ಇಲ್ಲ!" ಅವಳ ಕೂಗಿಗೆ ಕಟ್ಟಿಯವರು ಕೋಣೆಯಿಂದ ಓಡಿ ಬಂದರು. ಓದಿದರು. ಬೀಗ ಹಾಕಿಟ್ಟಿದ್ದ ಸದಸ್ಯರ ನಂಬರುಗಳ ಪಟ್ಟಿ ತೆರೆದರು. ಭೂಮಿಕಾ, ಬಂಕಾಪುರ, ವಯಸ್ಸು ಇಪ್ಪತ್ಮೂರು.

ಮೊದಲ ಸಲ ಫೋನು ಹೊಡೆದುಕೊಂಡು ನಿಂತಿತು. ಎರಡನೆಯ ಸಲವೂ. ಮೂರನೆಯದಕ್ಕೆ ಒಬ್ಬ ಮುದುಕಿ ಎತ್ತಿದಳು.

"ಯಾರ್ರಿ? ಭೂಮಿ ಮಲಗ್ಯಾಳ, ತಲಿ ನೋವಂತ."

"ಅಮ್ಮಾ, ಅಕಿನ್ನ ಎಬ್ಬಸ್ರಿ. ಈಗಿಂದೀಗ ಎಬ್ಬಸ್ರಿ."

"ಭೂಮೀ... ಏ ಭೂಮೀ... ಏಳವಲ್ಲಳ್ರಿ. ಯಾಕವ್ವಾ ಹಿಂಗ ಹಲ್ಲು ಕಡಿಯಾಕತ್ತಿ? ಅಯ್ಯಯ್ಯ, ಕೈಕಾಲು ಸೆಟೀಲಿಕ್ಕೆ ಹತ್ಯಾವಲ್ಲೋ ಶಿವನ..."

ಕಟ್ಟಿಯವರು ಇನ್ನೊಂದು ಫೋನಿನಲ್ಲಿ ಆಂಬುಲೆನ್ಸ್ ಕರೆಯುತ್ತಿದ್ದರು. ದಾಕ್ಷಾಯಣಿಗೆ ಏನು ಹೇಳಬೇಕೆಂದು ತೋಚಲಿಲ್ಲ. ಇಂದುಮತಿ ಪತ್ತಾರರ ನಂಬರು ನೆನಪಾಯಿತು. ಅದೇ ಕರೆಗೆ ಅವರನ್ನೂ ಸೇರಿಸಿದಳು. ಎರಡೇ ಮಾತಿನಲ್ಲಿ ವಿಷಯ ತಿಳಿಸಿದಳು.

ಇಂದುಮತಿ ಮರುಪ್ರಶ್ನೆ ಕೇಳಲಿಲ್ಲ. ಹಳೆಯದೋ ಹೊಸದೋ ಎಂದೂ ಕೇಳಲಿಲ್ಲ. "ತಾಯೀ, ನಿಮ್ಮ ಹೆಸರೇನ್ರಿ? ಗಂಗವ್ವಾ, ನನ್ನ ಮಾತು ಕೇಳ್ರಿ. ಅಕಿನ್ನ ಎಡ ಮಗ್ಗಲಿಗೆ ಹೊರಳಸ್ರಿ. ಬಾಯಾಗ ಚಮಚಾ, ನೀರು, ಏನೂ ಹಾಕಬ್ಯಾಡ್ರಿ. ಕೈಕಾಲು ಒತ್ತಿ ಹಿಡೀಬ್ಯಾಡ್ರಿ. ತಲಿ ಕೆಳಗ ಸೀರಿ ಮಡಚಿ ಇಡ್ರಿ. ಉಸುರು ಐತಿ? ಐತಲ್ಲ? ಅಷ್ಟ ಸಾಕು. ನಾ ಇಲ್ಲೇ ಅದೀನಿ." ಆಂಬುಲೆನ್ಸ್ ಬರುವವರೆಗೂ, ಇಪ್ಪತ್ತೆರಡು ನಿಮಿಷ, ಅವರ ದನಿ ನಿಲ್ಲಲಿಲ್ಲ.

ತಾಲೂಕಿನ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಕೊಟ್ಟು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಸಂಜೆ ಆರೂವರೆಗೆ ಶಸ್ತ್ರಕ್ರಿಯೆ ಮಾಡಿದರು. ತಾಯಿ ಉಳಿದಳು. ಕೂಸು ಗಂಡು, ಹುಟ್ಟುವ ಮೊದಲೇ ಹೋಗಿತ್ತು.

ಮನೆಗೆ ಬಂದ ದಾಕ್ಷಾಯಣಿ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಕುಳಿತು ನಡೆದದ್ದು ಹೇಳಿದಳು. ವೈನಿ ಕೇಳುತ್ತ ಕೇಳುತ್ತ ಗೋಡೆಗೆ ಒರಗಿದಳು.

"ನಾನೂ ಓದಿದ್ದೆ ದಾಕ್ಷಿ. ಹನ್ನೊಂದು ಗಂಟೆಕ್ಕ. ಏನೋ ಬರೀಬೇಕಂತ ಕೈ ಹೋಗಿತ್ತು. ಹಳೇದು ಇರಬೇಕು ಬಿಡು ಅಂತ ಸರಿಸಿಬಿಟ್ಟೆ."

ನಿಜ ಹೇಳಬಾರದಿತ್ತೇ, ಅಥವಾ ಇನ್ನೂ ಮೊದಲೇ ಎಲ್ಲರ ಮುಂದೆ ಹೇಳಬೇಕಿತ್ತೇ? ನಿಜವನ್ನು ಒಬ್ಬಿಬ್ಬರ ಕಿವಿಯಲ್ಲಿ ಮಾತ್ರ ಹೇಳಿದ್ದು ತನ್ನ ತಪ್ಪು ಎಂದು ದಾಕ್ಷಾಯಣಿಗೆ ಆಗ ಅನ್ನಿಸಿತು. ಅತ್ತಿಗೆ ನಾದಿನಿ ಇಬ್ಬರೂ ಒಬ್ಬರನ್ನೊಬ್ಬರು ಸಮಾಧಾನ ಮಾಡಲಿಲ್ಲ. ಕೂಸು ಎದ್ದು ಅತ್ತಾಗ ಇಬ್ಬರೂ ಒಟ್ಟಿಗೇ ಒಳಗೆ ಓಡಿದರು.

ಕಟ್ಟಿಯವರು ಆ ದಿನವೇ ಹೆಪ್ಪನ್ನು ನಿಲ್ಲಿಸಿದರು. ಹಾಕಿದ್ದ ಹಳೆಯ ಬರಹಗಳನ್ನೆಲ್ಲ ಹಿಂದೆಗೆದು, ಆದದ್ದನ್ನು ಮುಚ್ಚಿಡದೆ ತಮ್ಮ ಹೆಸರಿನಲ್ಲಿ ಪ್ರಕಟಿಸಿದರು. ನಾಲ್ಕು ದಿನದಲ್ಲಿ ಮಡಿಲು ಮೊದಲಿನಂತೆ ಖಾಲಿಯಾಯಿತು. ಅಪಾಯದ ಲಕ್ಷಣಗಳನ್ನು ಓದಿ ಆಸ್ಪತ್ರೆಗೆ ಹೋಗಿದ್ದ ಆ ಇಬ್ಬರಲ್ಲಿ ಒಬ್ಬಳು ಮಾತ್ರ ಬರೆದಳು: "ನನ್ನ ಮಗಳು ಹುಟ್ಟಿದ್ದು ಆ ಹಳೇ ಬರಹದಿಂದ. ಅದನ್ನ ಯಾಕ ತಗದ್ರಿ?" ಕಟ್ಟಿಯವರು ಅದಕ್ಕೆ ಉತ್ತರ ಬರೆಯಲು ಕುಳಿತರು, ಎರಡು ದಿನವಾದರೂ ಬರೆದು ಮುಗಿಸಲಿಲ್ಲ.

ಒಂಬತ್ತನೆಯ ದಿನ ದಾಕ್ಷಾಯಣಿ ಆಸ್ಪತ್ರೆಗೆ ಹೋದಳು. ಮಧ್ಯಾಹ್ನದ ಭೇಟಿಯ ಹೊತ್ತು. ಭೂಮಿಕಾ ದಿಂಬಿಗೆ ಒರಗಿ ಕುಳಿತಿದ್ದಳು. ಕಣ್ಣಿನ ದೃಷ್ಟಿ ನಿಧಾನಕ್ಕೆ ಮರಳುತ್ತಿದೆ, ಇನ್ನೂ ಮಂಜು ಎಂದು ದಾದಿ ಹೇಳಿದ್ದಳು. ಮಂಚದ ಕೆಳಗೆ ಚಾಪೆಯ ಮೇಲೆ ಅತ್ತೆ ಗಂಗವ್ವ ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ದಾಕ್ಷಾಯಣಿ ತಾನು ಯಾರೆಂದು ಹೇಳಿದಳು.

ಭೂಮಿಕಾ ದನಿ ಬಂದ ಕಡೆ ಮುಖ ತಿರುಗಿಸಿದಳು. "ಅಕ್ಕಾರ, ಬರದು ಫೋನ್ ಬದಿಗಿಟ್ಟು ಮಲಗಿಬಿಟ್ಟೆ. ನಾ ಬರದಿದ್ದು ಯಾರೂ ಓದಲಿಲ್ಲೇನ್ರಿ?"

ಯಾರೂ ಓದಲಿಲ್ಲ ಎಂದರೆ ಸುಲಭವಾಗುತ್ತಿತ್ತು. ದಾಕ್ಷಾಯಣಿ ಹಾಗೆ ಹೇಳಲಿಲ್ಲ.

"ಓದಿದ್ರವ್ವಾ. ಇನ್ನೂರಾ ಹನ್ನೆರಡು ಮಂದಿ ಓದಿದ್ರು."

"ಮತ್ತ?"

"ನೀ ಅದೀ ಅಂತ ಅವರಿಗೆ ಗೊತ್ತಾಗಲಿಲ್ಲ. ಎಂದೋ ಯಾರೋ ಬರದದ್ದು ಅಂತ ತಿಳಕೊಂಡ್ರು. ಹಂಗ ತಿಳಕೊಳ್ಳಾಕ ನಾವ ಕಾರಣ."

ಪಕ್ಕದ ಮಂಚದಲ್ಲಿ ಕೂಸಿಗೆ ಜೋಗುಳ ಹಾಡುತ್ತಿದ್ದವಳು ಇವರನ್ನು ನೋಡಿ ದನಿ ತಗ್ಗಿಸಿದಳು.

"ಆ ಅಕ್ಕ ಬರದದ್ದು ಓದೇ ನನಗ ಇದು ಕೆಟ್ಟದ್ದು ಅಂತ ಗೊತ್ತಾತು. ಇಲ್ಲಂದ್ರ ಗೊತ್ತಾಗತಿರಲಿಲ್ಲ. ಅಕಿಗೆ ಮುನ್ನೂರು ಮಂದಿ ಹೇಳಿದ್ರಲ್ಲ. ನನಗೂ ಒಬ್ಬರರೆ ಹೋಗು ಅಂತ ಬರದ್ರ ಅದನ್ನ ಅತ್ತೀಗೆ ತೋರಸೋಣಂತ ಮಾಡಿದ್ದೆ. ನನ್ನ ಮಾತು ಬ್ಯಾರೆ, ಮಂದಿ ಮಾತು ಬ್ಯಾರೆ." ಭೂಮಿಕಾ ಮತ್ತೆ ಕೇಳಿದಳು, "ಆ ಅಕ್ಕಗ ಮುಂದೇನಾತು?"

"ಗೊತ್ತಿಲ್ಲ. ಹುಡುಕಾಕತ್ತೀವಿ. ಇನ್ನೂ ಸಿಕ್ಕಿಲ್ಲ."

"ನನ್ನದು ಅಳಸ್ತೀರೇನು?"

"ನೀ ಹೆಂಗ ಹೇಳತಿ ಹಂಗ."

"ಅಳಸಬ್ಯಾಡ್ರಿ. ಮುಂದ ಏನಾತು ಅನ್ನೂದನ್ನ ಕೆಳಗ ಬರೀರಿ. ಕೂಸು ಉಳೀಲಿಲ್ಲ ಅಂತ ಬರೀರಿ. ಫೋನಿನಾಗ ಕೇಳಕೋತ ಕೂಡಬ್ಯಾಡ್ರಿ, ಎದ್ದು ಹೋಗ್ರಿ ಅಂತ ಬರೀರಿ. ಮೊದಲ ನಾ ಏನು ಬರದಿದ್ದೆ ಓದ್ರಿ, ನನಗ ಕಣ್ಣು ಕಾಣವಲ್ದು."

ದಾಕ್ಷಾಯಣಿ ಫೋನು ತೆಗೆದು ಓದತೊಡಗಿದಳು. ತಲೆನೋವಿನ ಸಾಲು ಓದಿದಳು, ಕಣ್ಣಿನ ಸಾಲು ಓದಿದಳು. ಮುಂದಿನ ಸಾಲಿಗೆ ಬಂದಾಗ ಕೆಳಗೆ ಕುಳಿತಿದ್ದ ಗಂಗವ್ವನ ಕಡೆ ಕಣ್ಣು ಹೋಗಿ ಅವಳ ದನಿ ನಿಂತಿತು. ಗಂಗವ್ವನಿಗೆ ಓದಲು ಬರುತ್ತಿರಲಿಲ್ಲ. ಸೊಸೆ ಏನು ಕೇಳಿದ್ದಳೆಂಬುದನ್ನು ಅವಳು ಇದೇ ಮೊದಲು ಕೇಳಿಸಿಕೊಳ್ಳುತ್ತಿದ್ದಳು.

"ಓದವ್ವಾ" ಎಂದಳು ಗಂಗವ್ವ.

"'ಅತ್ತಿ, ಇದು ಎಲ್ಲಾರಿಗೂ ಆಗತೈತಿ, ನಾ ಐದು ಹಡದೀನಿ ಅಂತಾರ.'"

ಗಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭೂಮಿಕಾ ಮಂಚದ ಅಂಚಿಗೆ ಕೈ ಇಳಿಬಿಟ್ಟು ತಡಕಾಡಿದಳು. ಅತ್ತೆಯ ತಲೆ ಸಿಕ್ಕಿತು, ಅಲ್ಲೇ ಕೈ ಇಟ್ಟಳು.

"ಆ ಸಾಲು ತಗದುಬಿಡ್ರಿ ಅಕ್ಕಾರ" ಎಂದಳು.

"ಬ್ಯಾಡ" ಎಂದಳು ಗಂಗವ್ವ. "ನಾ ಅಂದದ್ದು ಖರೇ ಐತಿ. ಅದೂ ಹಂಗ ಇರಲಿ. ನನ್ನ ಹೆಸರೂ ಹಾಕು."